ಕದಲದ ಹಿಂದಿನ ಡಿಸ್ಕ್

ಶನಿವಾರ, ಹದಿನಾಲ್ಕು.

ಸಾರಿ, ಡೈರಿ ಬರೆಯುವ ಮುಖವೇ ನನಗಿಲ್ಲ. ಹಾಸ್ಟೆಲಿಂದ ರಜೆಗೆ ಬಂದವನು, ಅಪ್ಪನ ಕಾರಿಗೆ ಹೊಸ ಬ್ರೇಕ್ ಡಿಸ್ಕ್ ನಾನೇ ಹಾಕುತ್ತೇನೆಂದು ಜಂಬ ಕೊಚ್ಚಿದ್ದೆ. ಮುಂದಿನ ಚಕ್ರಗಳ ಹಳೆಯವು ಸಲೀಸಾಗಿ ಕಳಚಿ ಬಂದವು. ಹಿಂದಿನದು ಜಪ್ಪಯ್ಯ ಅಂದರೂ ಕದಲಲಿಲ್ಲ. ಒಂದು ಗಂಟೆ ಸುತ್ತಿಗೆಯಲ್ಲಿ ಬಡಿದೆ.

ಅಪ್ಪ ಬಂದು ಕಾರಿನೊಳಗೆ ಇಣುಕಿದರು. "ಹ್ಯಾಂಡ್‌ಬ್ರೇಕ್ ಎಳೆದೇ ಇಟ್ಟಿದ್ದೀಯಲ್ಲೋ! ಡಿಸ್ಕನ್ನ ಒಳಗಿಂದ ಅದೇ ಹಿಡ್ಕೊಂಡಿದೆ. ಹಾಸ್ಟೆಲಲ್ಲಿ ಇದನ್ನೇ ಕಲಿಸಿದ್ರಾ?"

ಕಾರು ಜಾರದಿರಲಿ, ಸೇಫ್ಟಿ ಅಂತ ಎಳೆದಿದ್ದೆ. ಇಳಿಸಿದೆ. ಅಷ್ಟರಲ್ಲಿ ಒಳಗೇನೋ ಮುರಿದು ಸಿಕ್ಕಿಕೊಂಡಿತ್ತು. ಕಾರು ಈಗ ಓಡುವ ಹಾಗಿಲ್ಲ.

ನಾಳೆ ಬೆಳಿಗ್ಗೆ ಏಳಕ್ಕೆ ಅಮ್ಮನಿಗೆ ಡಯಾಲಿಸಿಸ್. ಭಾನುವಾರ ಬಸ್ಸೂ ಇಲ್ಲ. ಅಮ್ಮ ಮಾತ್ರ, "ಒಂದಿನ ತಪ್ಪಿದ್ರೆ ಏನಾಗಲ್ಲ, ಮಲ್ಕೋ ಮರಿ" ಅನ್ನುತ್ತಾಳೆ. ಏನಾಗುತ್ತದೆಂದು ನನಗೆ ಗೊತ್ತು.

ಮೆಕ್ಯಾನಿಕ್ ಮಾಮನಿಗೆ ನಾಲ್ಕನೇ ಮೆಸೇಜ್ ಹಾಕಿದೆ: "ಮಾಮ, ಐದಕ್ಕೇ ಬರ್ತೀರಾ? ಆಗಲ್ಲ ಅಂದ್ರೂ ಬೇಗ ಹೇಳಿ, ಪ್ಲೀಸ್."