ನಿಮ್ಮ ಮೇಜಿನ ಮೇಲಿರುವ ಮಣ್ಣಿನ ಮುಖ

ಉದ್ಯಾನವನಗಳ ಮೇಲ್ವಿಚಾರಣಾಧಿಕಾರಿಗಳೇ,

'ಮಾನ್ಯರೇ' ಎಂದು ಶುರುಮಾಡಲು ಕೂತೆ, ಪೆನ್ನು ಒಪ್ಪಲಿಲ್ಲ. ನೇರ ವಿಷಯಕ್ಕೆ ಬರುತ್ತೇನೆ. ತಮ್ಮ ಮೇಜಿನ ಮೇಲೆ, ಫೋನಿನ ಪಕ್ಕ, ಕಡತಗಳು ಹಾರದಂತೆ ಇಟ್ಟುಕೊಂಡಿದ್ದೀರಲ್ಲ ಮಣ್ಣಿನ ಮುಖ, ಅದು ನನ್ನ ಅಕ್ಕನ ಮಗಳದ್ದು. ಅದನ್ನು ವಾಪಸು ಕೊಡಿ.

ಉದ್ಯಾನದ ನೀರಿನ ಟ್ಯಾಂಕಿನ ಹಿಂದೆ ಪ್ರತಿ ಭಾನುವಾರ ಬೆಳಿಗ್ಗೆ ಉಚಿತವಾಗಿ ಮಣ್ಣಿನ ಕೆಲಸ ಕಲಿಸುತ್ತಿದ್ದುದು ತಮಗೆ ಗೊತ್ತು. ನಿಲ್ಲಿಸಿದವರೇ ತಾವಲ್ಲವೇ? ಕಲಿಸುತ್ತಿದ್ದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮಣ್ಣನ್ನು ಎರಡು ಡ್ರಮ್ಮಿನಲ್ಲಿ ಅವರೇ ಹೊರಗಿನಿಂದ ತರುತ್ತಿದ್ದರು. ಬಸ್ ಡ್ರೈವರ್, ನರ್ಸಮ್ಮ, ಕೆಲಸ ಕಳೆದುಕೊಂಡ ಟೈಪಿಸ್ಟು, ಹೀಗೆ ಹತ್ತು ಹನ್ನೆರಡು ಜನ ಬರುತ್ತಿದ್ದರು. ಅಲ್ಲಿ ಇದ್ದದ್ದು ಒಂದೇ ಕಟ್ಟುಪಾಡು. ಹನ್ನೊಂದಕ್ಕೆ ಮೇಷ್ಟ್ರು ಸೈಕಲ್ ಬೆಲ್ ಬಾರಿಸಿದರೆ, ಪ್ರತಿಯೊಬ್ಬರೂ ತಾವು ಮಾಡಿದ್ದನ್ನು ತಮ್ಮ ಕೈಯಿಂದಲೇ ಅಮುಕಿ ಮುದ್ದೆ ಮಾಡಿ ಡ್ರಮ್ಮಿಗೆ ಹಾಕಬೇಕು. ಯಾರೂ ಮನೆಗೆ ಒಯ್ಯುವಂತಿಲ್ಲ, ಇನ್ನೊಬ್ಬರದನ್ನು ಮುಟ್ಟುವಂತಿಲ್ಲ. ಮುಂದಿನ ವಾರ ಅದೇ ಮಣ್ಣು, ಹೊಸ ಕೆಲಸ.

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಾಳೆ. ಮಗಳು ಹತ್ತೊಂಬತ್ತು ತುಂಬುವ ಮೊದಲೇ ಜ್ವರದಲ್ಲಿ ಹೋದಳು. ಮನೆಯಲ್ಲಿರುವುದು ಒಂದೇ ಫೋಟೋ. "ಇದರಲ್ಲಿ ನಗ್ತಿದಾಳೆ ಕಣೋ. ನನ್ನ ಹತ್ರ ಅವಳು ಯಾವತ್ತು ಹೀಗೆ ನಕ್ಕಿದ್ಲು? ಮುಖ ಸಿಂಡರಿಸ್ಕೊಂಡೇ ಇರ್ತಿದ್ಲು. ನನಗೆ ಆ ಮುಖ ಬೇಕು" ಎಂದು ಮಣ್ಣು ಹಿಡಿದವಳು ಎಂಟು ತಿಂಗಳು ಅದೊಂದನ್ನೇ ಮಾಡಿದಳು. ಮೂಗು ಮಾತ್ರ ಕೂಡಿಬರುತ್ತಿರಲಿಲ್ಲ. ಬೆಲ್ ಆದಾಗ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು, "ಇವತ್ತಿಗೆ ಸಾಕು, ಮುಂದಿನ ವಾರ ಬಾ" ಎಂದು ಮೆಲ್ಲಗೆ ಅಮುಕುತ್ತಿದ್ದಳು. ನಾನೇನು ಸಾಚಾ ಅಲ್ಲ. "ಸತ್ತವಳನ್ನ ವಾರವಾರ ಮಾಡಿ ಒಡೀತೀಯಲ್ಲ, ತಲೆ ಕೆಟ್ಟಿದೆಯಾ?" ಎಂದು ಎಲ್ಲರೆದುರು ನಕ್ಕಿದ್ದೆ. ಆದರೆ ಭಾನುವಾರ ಮಧ್ಯಾಹ್ನ ಮಾತ್ರ ಅವಳು ಹೊಟ್ಟೆತುಂಬ ಉಣ್ಣುತ್ತಿದ್ದುದನ್ನು ನಾನು ಕಂಡಿದ್ದೇನೆ.

ಮೂರು ವಾರದ ಹಿಂದೆ ಮೂಗು ಕೂಡಿಬಂತು. ಅದೇ ದಿನ ಹತ್ತೂ ಮುಕ್ಕಾಲಿಗೆ ತಮ್ಮ ಜನ ಬಂದರು. ಎಂಥ ಮುಹೂರ್ತ ಸ್ವಾಮಿ ತಮ್ಮದು! 'ಉದ್ಯಾನದ ಮಣ್ಣನ್ನು ಅಕ್ರಮವಾಗಿ ಅಗೆದ' ಆರೋಪವಂತೆ. ಆ ಉದ್ಯಾನದ ಮಣ್ಣಿನಲ್ಲಿ ಒಂದು ಉಂಡೆ ಕಟ್ಟಲೂ ಬಾರದು, ಎಲ್ಲಾ ಜಲ್ಲಿ ಮತ್ತು ತಮ್ಮ ಗುತ್ತಿಗೆದಾರರ ಪ್ಲಾಸ್ಟಿಕ್ಕು. ಬೆಲ್ ಆಗುವ ಮೊದಲೇ ಡ್ರಮ್ಮು, ಹಲಗೆ, ಮಾಡಿಟ್ಟ ಕೆಲಸ ಎಲ್ಲವನ್ನೂ ಎತ್ತಿಕೊಂಡು ಹೋದರು. ಜಪ್ತಿ ಪಟ್ಟಿಯ ಏಳನೇ ಸಾಲನ್ನು ತಾವೇ ಓದಿ ಸಹಿ ಹಾಕಿದ್ದೀರಿ: 'ಮನುಷ್ಯರ ತಲೆ, ಒಂದು, ಹಸಿ.' ನಗುವಾದರೂ ಬರಲಿಲ್ಲವೇ?

ನಾನು ಬೀಗ ರಿಪೇರಿ ಮಾಡುವವನು. ಸೋಮವಾರ ತಮ್ಮ ಕೊಠಡಿಯ ಬಾಗಿಲಿನ ಬೀಗ ಕಚ್ಚಿಕೊಂಡಿದೆ ಎಂದು ಕರೆಸಿದಿರಿ. ಬೀಗ ಬಿಡಿಸಿ ಒಳಗೆ ಬಂದರೆ ಸೋದರಸೊಸೆ ಮೇಜಿನ ಮೇಲೆ ಮುಖ ಸಿಂಡರಿಸಿಕೊಂಡು ಕೂತಿದ್ದಾಳೆ. ಅವಳ ಮೂಗಿನ ಮೇಲೆ ತಮ್ಮ ಕನ್ನಡಕ. ಎಂಟು ತಿಂಗಳ ಮೂಗು ತಮಗೆ ಎಷ್ಟು ಚೆನ್ನಾಗಿ ಒದಗಿಬಂತು! ಕೈಯಲ್ಲಿ ಸುತ್ತಿಗೆ ಇತ್ತು. ಕೆಳಗಿಟ್ಟು, ಕೈಕಟ್ಟಿ ನಿಂತು, ಅದನ್ನು ವಾಪಸು ಕೊಡಿ ಎಂದು ಕೇಳಿದೆ. ತಾವು ಏನೆಂದಿರಿ?

"ಹೆಂಗಿದ್ರೂ ಒಡೆದು ಹಾಕೋದೇ ತಾನೆ ಅದನ್ನ? ನಾವು ಉಳಿಸಿದೀವಿ ಕಣ್ರೀ. ಶುಕ್ರವಾರ ಭಟ್ಟಿಗೆ ಕಳಿಸ್ತೀವಿ. ಸುಟ್ಟು ಗಟ್ಟಿ ಮಾಡಿಸಿ, ಇಲಾಖೆ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಗಳಿಗೆ ನೆನಪಿನ ಕಾಣಿಕೆ. ನಿಮ್ಮಕ್ಕಂಗೆ ಹೇಳಿ, ಖುಷಿಪಡ್ಲಿ."

ಹೇಳಿದೆ. ಅವಳು ಖುಷಿಪಡಲಿಲ್ಲ, ದಯವಿಟ್ಟು ಬೇಸರಿಸಬೇಡಿ. "ಅವಳನ್ನ ಅಲ್ಲಿ ಒಬ್ಬಳನ್ನೇ ಬಿಟ್ಟು ಬಂದ್ಬಿಟ್ಟೆ ಕಣೋ. ಸಾಕು, ಬಾ ಅಂತ ಕೂಡ ಹೇಳ್ಲಿಲ್ಲ" ಎಂದು ಒಗೆಯುವ ತೊಟ್ಟಿಯ ಪಕ್ಕ ಕುಸಿದು ಕೂತಳು. ಈ ಮೂರು ಭಾನುವಾರ ಅವಳು ಅನ್ನ ಮುಟ್ಟಿಲ್ಲ.

ಉದ್ಯಾನ ತಮ್ಮದೇ ಇರಲಿ. ಹುಲ್ಲಿಗೆ, ಬೆಂಚಿಗೆ, ಬೇಕಾದರೆ ನೆರಳಿಗೂ ಪರವಾನಗಿ ಮಾಡಿ. ಆ ಮುಖವೊಂದನ್ನು ಶುಕ್ರವಾರಕ್ಕೆ ಮೊದಲು, ಸುಡದೆ, ಅಕ್ಕನ ಕೈಗೆ ಕೊಡಿ. ಒಣಗಿದ್ದರೂ ಚಿಂತೆಯಿಲ್ಲ, ನೀರಿನಲ್ಲಿ ನೆನೆಸಿದರೆ ಮತ್ತೆ ಮಣ್ಣಾಗುತ್ತದೆ ಎಂದಿದ್ದಾರೆ ಮೇಷ್ಟ್ರು. ಸುಟ್ಟದ್ದು ಆಗುವುದಿಲ್ಲ. ನಮಗೆ ಅದು ಗೊತ್ತು ಸ್ವಾಮಿ. ಅವಳನ್ನು ಒಂದು ಸಲ ಸುಟ್ಟು ಬಂದಿದ್ದೇವೆ.

ಇಂತಿ,
ತಮ್ಮ ಬಾಗಿಲನ್ನು ಎರಡು ನಿಮಿಷದಲ್ಲಿ ತೆರೆಯಬಲ್ಲವನಾದರೂ ಹೊರಗೆ ನಿಂತು ತಟ್ಟುತ್ತಿರುವ,
ಬೀಗದವ