ವೈರಿಯ ಹೋಟೆಲಿನ ದೋಸೆ

೯ ಮೇ, ಶುಕ್ರವಾರ. ವಡಾಲ

ಒಂದು ಮಸಾಲೆ ದೋಸೆಯ ದೆಸೆಯಿಂದ ನನ್ನ ಮಗಳು ಸೋದರಮಾವನನ್ನು ಕಳೆದುಕೊಳ್ಳುವ ಹಾಗಾಗಿದೆ.

ಉಡುಪಿಯಿಂದ ಸಂಸಾರಸಮೇತ ಕಾರು ಓಡಿಸಿಕೊಂಡು ಬಂದದ್ದೇ ಹೆಂಡತಿ ವಿಜೇತಾಳ ತಮ್ಮ ಸುಕೇಶನನ್ನು ಮದುವೆಗೆ ಕರೆಯಲಿಕ್ಕೆ. ಮಗಳು ಯಕ್ಷಿತಾಳನ್ನು ಮಂಟಪಕ್ಕೆ ಕರೆತರಬೇಕಾದವನು ಅವನು. ಹೋಟೆಲು ನಡೆಸುವವನ ಮನೆಗೆ ಹಸಿದುಕೊಂಡೇ ಹೋಗಬೇಕೆಂಬುದು ನನಗೆ ಗೊತ್ತಿತ್ತು, ನನ್ನ ಹೊಟ್ಟೆಗೆ ಗೊತ್ತಿರಲಿಲ್ಲ. ಚೆಂಬೂರಿನ ದರಿದ್ರ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ಎದುರಿಗೆ ಕಂಡ ಹೋಟೆಲಿಗೆ ನುಗ್ಗಿದೆ. ಗಲ್ಲಾದಲ್ಲಿ ಕೂತಿದ್ದವರು ವಿಜೇತಾಳನ್ನು ನೋಡಿ, "ನೀವು ಸುಕೇಶನ ಅಕ್ಕ ಅಲ್ವಾ?" ಎಂದು ಕೈಮುಗಿದು, ಒಂದು ಡಬ್ಬಿ ಮೈಸೂರುಪಾಕು ಕೊಟ್ಟರು. ಎಂಥ ಸಜ್ಜನ ಎಂದುಕೊಂಡೆ.

ಆ ಸಜ್ಜನ ಸುಕೇಶನ ಹಳೆಯ ಪಾರ್ಟ್‌ನರ್. ಅವರಿಬ್ಬರ ಜಗಳ ನಮಗೆ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

ವಡಾಲದ ಮನೆ ತಲುಪಿದ್ದೇ, ಡಬ್ಬಿಯ ಮೇಲಿನ ಹೆಸರು ಓದಿದ ಸುಕೇಶ ಅದನ್ನು ಸೀದಾ ಬಿಲ್ಡಿಂಗಿನ ವಾಚ್‌ಮನ್‌ಗೆ ಕೊಟ್ಟು ಬಂದ.

"ಇಡೀ ಮುಂಬಯಿಯಲ್ಲಿ ನಿಮಗೆ ಬೇರೆ ಹೋಟೆಲೇ ಸಿಗ್ಲಿಲ್ವಾ ಭಾವ? ಮದುವೆಗೂ ಅವನನ್ನೇ ಸೋದರಮಾವ ಮಾಡಿ. ಖತಂ!"

"ಹಸಿವಾದದ್ದು ಇವರಿಗೆ ಮಾರಾಯ. ನಾನು ಬರೀ ಚಾ ಕುಡಿದದ್ದು," ಎಂದು ವಿಜೇತಾ ಅಳುತ್ತಲೇ ಪಕ್ಷಾಂತರ ಮಾಡಿದಳು.

ಕೊನೆಗೆ ತೀರ್ಪು ಬಂತು: "ನಾಳೆ ನನ್ನ ಹೋಟೆಲಲ್ಲಿ ದೋಸೆ ತಿನ್ನಿ. ಯಾರದ್ದು ಒಳ್ಳೇದು ಅಂತ ನನ್ನ ಮುಖ ನೋಡಿ ಹೇಳಿ. ಮದುವೆ ಮಾತು ಆಮೇಲೆ."

ವಾರವಾರ ಪತ್ರಿಕೆಯಲ್ಲಿ ಸುಳ್ಳನ್ನೇ ಬರೆದು ಬದುಕಿದವನಿಗೆ ಇದು ಕಷ್ಟವಾಗಬಾರದು. ವಿಜೇತಾ ನನ್ನ ದಿಂಬನ್ನು ಕೋಣೆಯಿಂದ ಹಾಲ್‌ಗೆ ಎಸೆದಿದ್ದಾಳೆ. ಸೋಫಾದ ಮೇಲೆ ಕೂತು ನಾಳೆಯ ಹೊಗಳಿಕೆಯನ್ನು ಬಾಯಿಪಾಠ ಮಾಡುತ್ತಿದ್ದೇನೆ. ಆದರೆ ಹಾಳಾದ್ದು, ಚೆಂಬೂರಿನ ಆ ದೋಸೆ ಎಷ್ಟು ಗರಿಗರಿಯಾಗಿತ್ತು!