ಕರ್ಣಗಳು ಸಮವಾಗಿದ್ದರೆ

ನವೆಂಬರ್ ೧೯, ಮಂಗಳವಾರ. ಬೆಳಗ್ಗೆ ೭

ಮಾವನಿಗೆ ಗಂಜಿ ಕುಡಿಸಿದ್ದಾಯಿತು. ಅರ್ಧ ಬಟ್ಟಲು ಒಳಗೆ, ಅರ್ಧ ಟವೆಲ್ಲಿಗೆ. ಸ್ಟ್ರೋಕ್ ಆಗಿ ಮೂರು ತಿಂಗಳು. ಬಲಗೈಯಲ್ಲಿ ಶಕ್ತಿ ಇಲ್ಲ, ಮಾತಿಲ್ಲ. ಮೂವತ್ತೆರಡು ವರ್ಷ ಬನಹಟ್ಟಿಯಲ್ಲಿ ಗಣಿತ ಕಲಿಸಿದವರು. ನಾವು ಹೇಳಿದ್ದು ತಿಳಿಯುತ್ತಿದ್ದರೆ ಒಂದು ಶಬ್ದವಾದರೂ ಬರುತ್ತಿತ್ತಲ್ಲ ಎನ್ನುತ್ತಾರೆ ನಮ್ಮವರು. ನಾವೆಲ್ಲ ಅದನ್ನೇ ಒಪ್ಪಿಕೊಂಡಿದ್ದೇವೆ.

ಅತ್ತೆ ಮಂಚದ ಪಕ್ಕದಲ್ಲೇ ನಿಂತು ಅಂದರು: "ದೇವರು ಇವರನ್ನ ಲಗೂನ ಕರಕೊಂಡರ ಛಲೋ ಆಕ್ಕಿತ್ತ ನೋಡ ಮಧುಮತಿ. ಇಷ್ಟ ಯಾಕ ನರಳಬೇಕು."

ಟವೆಲ್ ಹಿಂಡಿ ಒಣಹಾಕಿದೆ. ನಾಳೆ ಅತ್ತೆ ಗಲಗಲಿಗೆ, ತಂಗಿಯ ಮನೆಗೆ. ಭಾನುವಾರದವರೆಗೆ. ಹಗಲು ಪಕ್ಕದ ಮನೆಯ ಸೋಮವ್ವ ಮಾವನನ್ನು ನೋಡಿಕೊಳ್ಳುತ್ತಾಳೆ.

ನವೆಂಬರ್ ೨೦. ಸಂಜೆ

ಒಂಬತ್ತನೇ ತರಗತಿ. ಆಯತದ ಕರ್ಣಗಳು ಸಮ ಎಂದು ಸಾಧಿಸಿದೆ. ಯಶೋಧರಾ ಎದ್ದಳು. "ಟೀಚರ್, ತಿರುಗಿಸಿ ಹೇಳಬಹುದೇನ್ರಿ? ಕರ್ಣ ಸಮ ಇದ್ದರ ಅದು ಆಯತನ ಆಗಬೇಕೇನ್ರಿ?"

ಬೆಲ್ ಹೊಡೆಯುವುದರಲ್ಲಿತ್ತು. "ಹೂಂ, ಆಗಬೇಕು" ಎಂದುಬಿಟ್ಟೆ.

ಜಮಖಂಡಿ ಬಸ್ಸಿನಲ್ಲಿ ಅನುಮಾನ ಶುರು. ಮನೆಗೆ ಬಂದು ಮಾವನ ಬಳಿ ಕುಳಿತು ನೋಟ್ಸ್ ಬರೆಯುತ್ತ ಗಟ್ಟಿಯಾಗಿ ಓದಿಕೊಂಡೆ — ಚತುರ್ಭುಜದ ಕರ್ಣಗಳು ಸಮವಾಗಿದ್ದರೆ ಅದು ಆಯತ.

ಮಂಚದ ಪಟ್ಟಿಯ ಮೇಲೆ ಟಕ್ ಟಕ್. ಮಾವನ ಎಡಗೈ.

ಮತ್ತೆ ಓದಿದೆ. ಮತ್ತೆ ಟಕ್ ಟಕ್.

ಪೆನ್ಸಿಲ್ ಕೊಟ್ಟು ಕಾಗದ ಹಿಡಿದೆ. ನಡುಗುವ ಒಂದು ನಿಂತ ಗೆರೆ. ಅದರ ಮೇಲ್ತುದಿಯ ಹತ್ತಿರ ಒಂದು ಅಡ್ಡಗೆರೆ. ನಾಲ್ಕು ತುದಿ ಕೂಡಿಸಿದರು. ಗಾಳಿಪಟ. ಸ್ಕೇಲ್ ಇಟ್ಟೆ — ಎರಡೂ ಗೆರೆ ಹೆಚ್ಚುಕಡಿಮೆ ಆರು ಸೆಂಟಿಮೀಟರ್. ಕರ್ಣಗಳು ಸಮ. ಆಯತ ಅಲ್ಲ. 'ಸಮಾಂತರ ಚತುರ್ಭುಜವಾಗಿದ್ದು' ಎಂಬುದನ್ನು ನಾನು ಬಿಟ್ಟಿದ್ದೆ.

ತಲೆ ಎತ್ತಿದೆ. ಅವರು ನನ್ನನ್ನೇ ನೋಡುತ್ತಿದ್ದರು.

ಮಾತಾಡಿದರೆ ತಿಳಿದಿದೆ ಎಂದರ್ಥ, ಸರಿ. ಮಾತಾಡದಿದ್ದರೆ ತಿಳಿದಿಲ್ಲ ಎಂದು ಯಾರು ಸಾಧಿಸಿದರು? ಮೂರು ತಿಂಗಳು... ನಾನು, ಗಣಿತದ ಟೀಚರ್.

ನವೆಂಬರ್ ೨೧

ಆ ಕಾಗದವನ್ನೇ ತರಗತಿಗೆ ಒಯ್ದೆ. "ನಿನ್ನೆ ನಾ ತಪ್ಪ ಹೇಳಿದ್ನಿ" ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು.

"ಯಾರ ತೆಗದಾರ್ರಿ ಇದನ್ನ?" ಯಶೋಧರಾ. "ಗೆರಿ ನಡುಗ್ಯಾವಲ್ರಿ."

"ನಮ್ಮ ಮಾವಾರು. ಮಾತ ಬರೂದಿಲ್ಲ ಅವರಿಗೆ."

"ಹಂಗಾರ ಅವರಿಗೆ ಹೇಳ್ರಿ ಟೀಚರ್, ನಮಗ ತಿಳೀತ ಅಂತ."

ಹೇಳಿದೆ. ಮಾವನ ಎಡಗಡೆಯ ತುಟಿ ಮಾತ್ರ ನಕ್ಕಿತು. ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಅಲ್ಲ — ಹಾಗೆ ಗೊತ್ತುಮಾಡಿಕೊಂಡು ಹತ್ತು ಪ್ರಶ್ನೆ ಕೇಳಿದೆ. ಹತ್ತೂ ಸರಿ. ನಮ್ಮವರು ಮುಧೋಳದ ಬ್ಯಾಂಕಿನಿಂದ ಬಂದವರು ಬೂಟು ಕೂಡ ಬಿಚ್ಚದೆ ಅಪ್ಪನ ಕಾಲ ಬಳಿ ಕುಳಿತರು.

ಅತ್ತೆಗೆ ಫೋನಿನಲ್ಲಿ ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ.

ನವೆಂಬರ್ ೨೪, ಭಾನುವಾರ

ಅತ್ತೆ ಬಂದರು. ಹೇಳಿದೆ. ಕೈಯಲ್ಲಿದ್ದ ಚೀಲ ಇಳಿಸಿ ನೆಲಕ್ಕೇ ಕುಳಿತರು.

"ಖರೇನ? ಹಂಗಾರ... ನಾ ಅಂದದ್ದು?"

ಅತ್ತೆ ಎದ್ದು ಮುಖ ತೊಳೆದರು. ಸೆರಗು ಸರಿಮಾಡಿಕೊಂಡು ಮಾವನ ಪಕ್ಕ ಕುಳಿತು, ಅವರ ಎಡಗೈಯನ್ನು ತಮ್ಮ ಅಂಗೈ ಮೇಲೆ ಇಟ್ಟುಕೊಂಡರು.

"ನಾ ಅಂದದ್ದೆಲ್ಲಾ ಕೇಳಿದ್ರೇನ್ರಿ?"

ಒಂದು.

"ಸಿಟ್ಟ ಬಂದಿತ್ತೇನ್ರಿ?"

ಸ್ವಲ್ಪ ತಡೆದು, ಒಂದು.

"ಈಗೂ ಐತೇನ್ರಿ?"

ಎರಡು.

ಅತ್ತೆ ಇನ್ನಷ್ಟು ಹತ್ತಿರ ಬಾಗಿದರು. "ನನ್ನ ಕೂಡ ಇನ್ನಷ್ಟ ದಿನಾ ಇರತೀರೇನ್ರಿ?"

ಒಂದು. ಆಮೇಲೆ ಬೆರಳು ಎತ್ತಲಿಲ್ಲ. ಮಾವ ಅತ್ತೆಯ ಅಂಗೈಯನ್ನು ಹಾಗೇ ಹಿಡಿದುಕೊಂಡರು. ನಾನು ಬಾಗಿಲು ಎಳೆದುಕೊಂಡು ಅಡುಗೆಮನೆಗೆ ಬಂದೆ. ಚಹಾಕ್ಕೆ ನೀರಿಟ್ಟಿದ್ದೇನೆ. ಒಳಗೆ ಅತ್ತೆ ಗಲಗಲಿಯ ಸುದ್ದಿ ಶುರು ಮಾಡಿದ್ದಾರೆ, ತಂಗಿಯ ಸೊಸೆ ಏನಂದಳು, ಎಮ್ಮೆ ಎಷ್ಟು ಹಾಲು... ನಡುನಡುವೆ ನಿಲ್ಲಿಸಿ "ಅಲ್ಲೇನ್ರಿ?" ಎಂದು ಕೇಳಿ, ಕಾಯುತ್ತಾರೆ, ಮತ್ತೆ —